ಹಳೇ ಬೈಕು ಕೊಂಡವರ ಮೊದಲ ತಿಂಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿಗೆ ಹೋದರೂ ನೂರು ಸಿಸಿ ಆಸುಪಾಸಿನ ಬೈಕಿಗೆ ಬಿಡುವಿರುವುದಿಲ್ಲ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಬಾಶೆಟ್ಟಿಹಳ್ಳಿಗೋ ಸೋಂಪುರಕ್ಕೋ ಫ್ಯಾಕ್ಟರಿ ಶಿಫ್ಟು, ರೇಷ್ಮೆಗೂಡು ಬಿಡಿಸಿದ ದಿನ ವಿಜಯಪುರದ ಮಾರುಕಟ್ಟೆ, ರಜೆ ಬಂದರೆ ಘಾಟಿ ಸುಬ್ರಹ್ಮಣ್ಯ. ಇಷ್ಟು ದುಡಿಯುವ ಗಾಡಿ ಬಹಳಷ್ಟು ಮನೆಗಳಿಗೆ ಸೆಕೆಂಡ್ ಹ್ಯಾಂಡ್ ಆಗಿಯೇ ಬರುತ್ತದೆ.

ಹಾಗೆ ಕೈಬದಲಾಗುವವುಗಳಲ್ಲಿ ಎಲ್ಲೆಲ್ಲೂ ಕಾಣುವ ಹೆಸರು ಸ್ಪ್ಲೆಂಡರ್. 1994ರಲ್ಲಿ ಹೀರೋ ಹೋಂಡಾ ಇದನ್ನು ತಂದಿತು. 2011ರ ಹೊತ್ತಿಗೆ ಎರಡು ಕಂಪನಿಗಳೂ ಬೇರೆಯಾದವು, 97.2 ಸಿಸಿ ಎಂಜಿನ್ನಿನ ಅಳತೆ ಮಾತ್ರ ಬದಲಾಗಲಿಲ್ಲ. ಇಂಥ ಗಾಡಿಗೆ ಹೋಬಳಿ ಊರಿನ ಅಂಗಡಿಯಲ್ಲೂ ಬಿಡಿಭಾಗ ಸಿಗುತ್ತದೆ, ಯಾವ ಮೆಕಾನಿಕ್ಕಿಗೂ ಅದರ ಹೊಟ್ಟೆಯೊಳಗಿನದು ಗೊತ್ತು. ಪ್ಲಾಟಿನಾ, ಶೈನ್, ಪಕ್ಕದ ಹೊಸೂರಿನಲ್ಲೇ ತಯಾರಾಗುವ ಟಿವಿಎಸ್‌ನ ಗಾಡಿಗಳಿಗೂ ಈ ಮಾತು ಹೆಚ್ಚುಕಮ್ಮಿ ಒಪ್ಪುತ್ತದೆ. ಮೊದಲ ಬಾರಿ ಕೊಳ್ಳುವವರು ನೋಟಕ್ಕೆ ಮರುಳಾಗಿ ಅಪರೂಪದ ಮಾಡೆಲ್ ತರುವ ಬದಲು ಇವುಗಳಲ್ಲೊಂದನ್ನು ತಂದರೆ ಅರ್ಧ ತಲೆನೋವು ಅಲ್ಲಿಗೇ ತಪ್ಪುತ್ತದೆ.

ಉಳಿದರ್ಧ ತಲೆನೋವು, ಹಿಂದಿನವರು ಯಾವಾಗ ಏನು ಮಾಡಿಸಿದ್ದರು ಎಂಬುದು ಗೊತ್ತಿಲ್ಲದೇ ಇರುವುದರಿಂದ. ಮೀಟರನ್ನು ನಂಬುವ ಹಾಗಿಲ್ಲ. ಇಪ್ಪತ್ತು ಸಾವಿರ ಕಿ.ಮೀ. ಎಂದು ತೋರಿಸುವ ಗಾಡಿಯ ಗೇರ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಇಣುಕುತ್ತಿದ್ದರೆ ರಬ್ಬರು ಹೇಳುವುದೇ ನಿಜ. ಆದ್ದರಿಂದ ಮೊದಲ ತಿಂಗಳಲ್ಲಿ ಎಂಜಿನ್ ಆಯಿಲ್, ಏರ್ ಫಿಲ್ಟರ್, ಪ್ಲಗ್ಗು ಹೇಗಿದ್ದರೂ ಸರಿ, ಬದಲಾಯಿಸಿ, ಆ ದಿನದ ಮೀಟರ್ ರೀಡಿಂಗನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ. ಅಲ್ಲಿಂದಾಚೆಯ ಲೆಕ್ಕ ನಿಮ್ಮದು.

ಕಾಗದಪತ್ರ

ಗಾಡಿಯ ಮೇಲೆ ಕೈಯಿಡುವ ಮೊದಲು ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಗಾಡಿಯ ಮೇಲೆ ಕೆತ್ತಿದ ನಂಬರಿನೊಂದಿಗೆ ತಾಳೆ ನೋಡಬೇಕು. ಚಾಸಿ ನಂಬರು ಸಾಮಾನ್ಯವಾಗಿ ಹ್ಯಾಂಡಲ್ ಕೆಳಗಿನ ಕೊಳವೆಯ ಪಕ್ಕದಲ್ಲಿರುತ್ತದೆ. ಎಣ್ಣೆ, ಮಣ್ಣು ಕೂತು ಮುಚ್ಚಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಓದಿ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಸಾಲ ತೀರಿದ ಗಾಡಿಯಾದರೆ ಫೈನಾನ್ಸಿನವರ ಸಹಿಯಿರುವ ಫಾರಂ 35. ಕೆಎ 43 ಎಂದರೆ ದೇವನಹಳ್ಳಿ ಕಚೇರಿ, ಕೆಎ 52 ನೆಲಮಂಗಲ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳುವುದಕ್ಕೂ 14 ದಿನವೇ. ಹಣ ಕೊಟ್ಟಾಯ್ತು, ಗಾಡಿ ಮನೆಗೆ ಬಂತು, ಹೆಸರು ಆಮೇಲೆ ನೋಡೋಣ ಎನ್ನುವುದು ನಮ್ಮಲ್ಲಿ ಮಾಮೂಲು. ಅಪಘಾತವಾದ ದಿನ ಕೋರ್ಟು ಕಚೇರಿ ಹತ್ತುವವರು ಆಗ ಇಬ್ಬರು, ಮಾರಿದವರೂ ಕೊಂಡವರೂ.

ಹೊಸಕೋಟೆ ಕಡೆ ಹೊಸೂರಿನ ಟಿಎನ್ 70 ನಂಬರಿನ ಗಾಡಿ ಅಗ್ಗಕ್ಕೆ ಬರುವುದುಂಟು. ಅದಕ್ಕೆ ಅಲ್ಲಿನ ಎನ್‌ಒಸಿ ತಂದು, ಇಲ್ಲಿನ ತೆರಿಗೆ ಕಟ್ಟಿ, ಕರ್ನಾಟಕದ ನಂಬರು ಹಾಕಿಸುವ ಹೊತ್ತಿಗೆ ಅಗ್ಗವೆಲ್ಲ ಕರಗಿರುತ್ತದೆ. ನೋಂದಣಿಯ ಆಯಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಜನ ಇದನ್ನು ಎಫ್‌ಸಿ ಮಾಡಿಸುವುದು ಎನ್ನುತ್ತಾರೆ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಗಾಡಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟು ಹಾಕಿಸಲಾಗಿದೆಯೇ, ಬಾಕಿ ದಂಡ ಎಷ್ಟಿದೆ, ಎಮಿಷನ್ ಸರ್ಟಿಫಿಕೇಟು ಚಾಲ್ತಿಯಲ್ಲಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಮೊಬೈಲಿನಲ್ಲಿ ನೋಡಿಬಿಡಬಹುದು.

ಪುಸ್ತಕದ ಕಿಲೋಮೀಟರು, ನಮ್ಮ ಧೂಳು

ಕಂಪನಿಯ ಪುಸ್ತಕದಲ್ಲಿ ಇಷ್ಟು ಕಿ.ಮೀ.ಗೆ ಇದು, ಅಷ್ಟಕ್ಕೆ ಅದು ಎಂಬ ಪಟ್ಟಿಯಿರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಧೂಳಿನ ಪ್ರದೇಶದಲ್ಲಿ ಓಡಿಸುವವರು ಇನ್ನೂ ಬೇಗ ಮಾಡಿಸಬೇಕು ಎಂದೂ ಇರುತ್ತದೆ. ಆ ಸಣ್ಣ ಅಕ್ಷರವನ್ನು ನಮಗೆಂದೇ ಬರೆದಿದ್ದಾರೆ ಎಂದುಕೊಳ್ಳಬೇಕು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 648ರ ಅಕ್ಕಪಕ್ಕದ ಊರವರನ್ನು ಕೇಳಿ: ಟಿಪ್ಪರು, ಜಲ್ಲಿಪುಡಿ, ಲೇಔಟಿಗೆಂದು ಕೆದಕಿಬಿಟ್ಟ ಕೆಂಪುಮಣ್ಣು. ಒಂದು ಟಿಪ್ಪರಿನ ಹಿಂದೆ ಎರಡು ಮೈಲಿ ಹೋದರೆ ಅಂಗಿಯ ಕಾಲರೇ ಹೇಳುತ್ತದೆ, ಎಂಜಿನ್ನು ಏನು ಉಸಿರಾಡಿತೆಂದು.

ಆ ಧೂಳನ್ನು ತಡೆಯುವುದು ಏರ್ ಫಿಲ್ಟರ್ ಒಂದೇ. ಅದನ್ನು ದಾಟಿದ ನುಣ್ಣನೆ ಮರಳು ಸಿಲಿಂಡರಿನೊಳಗಿನ ಎಣ್ಣೆಯ ಜೊತೆ ಸೇರಿ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಉಜ್ಜುತ್ತದೆ. ಎಂಜಿನ್ ಬೋರಿಗೆ ಬಂತು ಎನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಇದೇ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಇನ್ನೊಂದು ಬಗೆಯ ನಷ್ಟ. ಕಾರ್ಬೊರೇಟರ್ ಗಾಡಿಯಲ್ಲಿ ಗಾಳಿ ಕಡಿಮೆಯಾಗಿ ಪೆಟ್ರೋಲು ಜಾಸ್ತಿ ಹೋಗುತ್ತದೆ, ಮೈಲೇಜು ಬೀಳುತ್ತದೆ, ಪ್ಲಗ್ಗು ಕಪ್ಪಗಾಗುತ್ತದೆ.

ಫಿಲ್ಟರಿನಲ್ಲಿ ಜಾತಿಗಳಿವೆ, ಇಲ್ಲಿ ತಪ್ಪು ಮಾಡುವವರೇ ಹೆಚ್ಚು. ಸ್ಪಂಜಿನದನ್ನು ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಎಣ್ಣೆ ಹಿಂಡಿ ಮತ್ತೆ ಹಾಕಬಹುದು. ಒಣ ಕಾಗದದ್ದನ್ನು ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆದು ಸ್ವಚ್ಛ ಮಾಡಬಹುದು. ಎಣ್ಣೆಯಲ್ಲಿ ಅದ್ದಿದಂತೆ ಅಂಟಂಟಾಗಿರುವ ಕಾಗದದ್ದು ಮೂರನೆಯದು. ಇದನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ತೆಗೆದು ಹೊಸದು ಹಾಕುವುದಷ್ಟೇ. ಈಚಿನ ಬಹಳ ಗಾಡಿಗಳಲ್ಲಿರುವುದು ಇದೇ. ಗ್ಯಾರೇಜಿನ ಹುಡುಗ ಅಭ್ಯಾಸಬಲದಿಂದ ಕಂಪ್ರೆಸರ್ ಪೈಪು ತಗೊಳ್ಳುವ ಮೊದಲು, ಬೇಡಪ್ಪ, ಹೊಸದು ಹಾಕು ಎಂದುಬಿಡಿ.

ಎಂಜಿನ್ ಆಯಿಲ್

ನೂರು ಸಿಸಿ ಎಂಜಿನ್ನಿಗೆ ಒಂದು ಸಲಕ್ಕೆ ಬೇಕಾಗುವ ಆಯಿಲ್ ಒಂದು ಲೀಟರಿನೊಳಗೇ. ಇಷ್ಟೇ ಎಣ್ಣೆ ಪಿಸ್ಟನ್, ಗೇರು, ಕ್ಲಚ್ಚು ಮೂರನ್ನೂ ನೋಡಿಕೊಳ್ಳಬೇಕು. ಕಾರಿನ ಆಯಿಲ್ ಹಾಕಬಾರದು ಎನ್ನುವುದು ಇದೇ ಕಾರಣಕ್ಕೆ. ಬೈಕಿನ ಕ್ಲಚ್ ಪ್ಲೇಟು ಆಯಿಲಿನೊಳಗೇ ತಿರುಗುತ್ತದೆ. ಕಾರಿನ ಆಯಿಲಿನಲ್ಲಿ ಜಾರಿಕೆ ಹೆಚ್ಚಿಸುವ ಅಂಶವಿದ್ದರೆ ಪ್ಲೇಟು ಹಿಡಿಯದೆ ಜಾರುತ್ತದೆ, ರೇಸ್ ಕೊಟ್ಟರೂ ಗಾಡಿ ಎತ್ತುವುದಿಲ್ಲ. ಡಬ್ಬದ ಮೇಲೆ ಜಾಸೋ ಎಂಎ ಎಂಬ ಗುರುತಿದ್ದರೆ ಅದು ಬೈಕಿನದು. 10ಡಬ್ಲ್ಯು30ಯೋ 20ಡಬ್ಲ್ಯು40ಯೋ ಎಂಬುದನ್ನು ಆಯಾ ಗಾಡಿಯ ಪುಸ್ತಕ ಹೇಳುತ್ತದೆ. ಸೀಲು ಒಡೆಯದ ಡಬ್ಬವನ್ನು ಕಣ್ಣೆದುರೇ ಬಿಚ್ಚಿಸಿ, ಖಾಲಿ ಡಬ್ಬದ ಮುಚ್ಚಳದ ಸೀಲನ್ನು ಹರಿದೇ ಹಾಕಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾದ್ದು ಆ ಖಾಲಿ ಡಬ್ಬವೇ.

ಮಟ್ಟ ನೋಡುವುದು ಮನೆಯ ಕೆಲಸ. ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಎರಡು ಮೂರು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಅಷ್ಟೇ ಹೊತ್ತು ಬಿಡಿ. ಡಿಪ್‌ಸ್ಟಿಕ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ತಿರುಪದೆ ಸುಮ್ಮನೆ ತೂತಿನ ಮೇಲೆ ಕೂರಿಸಿ ತೆಗೆಯಿರಿ. ಹೀರೋ, ಹೋಂಡಾ ಗಾಡಿಗಳಲ್ಲಿ ಕ್ರಮ ಇದು. ಎಣ್ಣೆಯ ಗೆರೆ ಎರಡು ಗುರುತಿನ ನಡುವೆ ಇರಬೇಕು. ಬೆರಳಿನಲ್ಲಿ ಉಜ್ಜಿ ನೋಡಿ: ಕಪ್ಪಾಗಿದ್ದರೆ ಹಳೆಯದಾಗಿದೆ, ಅಷ್ಟೇ, ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಕಣ ಮಿನುಗಿದರೆ ಒಳಗೆ ಯಾವುದೋ ಲೋಹ ಸವೆಯುತ್ತಿದೆ, ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಸೇರಿದೆ.

ಆಯಿಲನ್ನು ಮನೆಯಲ್ಲೇ ಬದಲಿಸುವವರು ಕೆಳಗಿನ ಡ್ರೇನ್ ಬೋಲ್ಟಿನ ವಿಷಯದಲ್ಲಿ ಬಲ ತೋರಿಸಬಾರದು. ಬೋಲ್ಟು ಉಕ್ಕಿನದು, ಅದು ಕೂರುವ ಜಾಗ ಅಲ್ಯೂಮಿನಿಯಂ. ಮೊದಲು ಕೈಬೆರಳಲ್ಲೇ ಕೊನೆತನಕ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಒಂದು ಬಿಗಿ. ಉದ್ದನೆ ಪೈಪು ಸಿಕ್ಕಿಸಿ ಎಳೆದರೆ ಮರೆ ಹರಿದುಹೋಗಿ, ಹತ್ತು ನಿಮಿಷದ ಕೆಲಸ ಲೇತ್ ಅಂಗಡಿಯ ಕೆಲಸವಾಗುತ್ತದೆ. ಹಳೇ ಆಯಿಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟುಬಿಡಿ.

ಸೈಲೆನ್ಸರಿನ ಹೊಗೆಯನ್ನೂ ಆಯಿಲಿನ ಜೊತೆಗೇ ನೋಡಬೇಕು. ಚಳಿಗಾಲದ ಬೆಳಿಗ್ಗೆ ಬಿಳಿ ಆವಿ ಬಂದು ನಿಂತರೆ ಅದು ಬರೀ ನೀರು. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ, ರಿಂಗೋ ವಾಲ್ವ್ ಸೀಲೋ ಹೋಗಿದೆ.

ಚೈನು

ನಮ್ಮ ಕಡೆಯ ಗಾಡಿಗಳ ಚೈನಿಗೆ ತಗಡಿನ ಕವರಿರುತ್ತದೆ. ಸೀರೆ, ಪಂಚೆ ಸಿಕ್ಕಿಕೊಳ್ಳದಿರಲು, ಧೂಳು ಕಡಿಮೆ ಬೀಳಲು ಒಳ್ಳೆಯದೇ. ಆದರೆ ಕಣ್ಣಿಗೆ ಬೀಳದ ಚೈನು ನೆನಪಿಗೂ ಬರುವುದಿಲ್ಲ. ಕವರಿನಲ್ಲಿ ರಬ್ಬರ್ ಬಿರಡೆ ಹಾಕಿದ ಒಂದು ಕಿಂಡಿಯಿದೆ. ಅದನ್ನು ತೆಗೆದು ಬೆರಳಿನಲ್ಲಿ ಚೈನನ್ನು ಮೇಲೆ ಕೆಳಗೆ ಆಡಿಸಿದರೆ ಸಡಿಲ ಗೊತ್ತಾಗುತ್ತದೆ. ಸಣ್ಣ ಬೈಕಿಗೆ ಸುಮಾರು 20ರಿಂದ 30 ಮಿ.ಮೀ. ಆಟ ಇರಬೇಕು. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು ಬಿದ್ದಿದ್ದರೆ ಚೈನು ಒಂದೇ ಸಮ ಸವೆದಿಲ್ಲ. ಅದನ್ನು ಎಳೆದು ಬಿಗಿ ಮಾಡಿ ಪ್ರಯೋಜನವಿಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಒಂದು ಬದಿಗೆ ಬಾಗಿ ಕೊಕ್ಕೆಯಂತಾಗಿದ್ದರೆ ಚೈನು, ಮುಂದಿನದು, ಹಿಂದಿನದು ಮೂರನ್ನೂ ಸೆಟ್ಟಾಗಿಯೇ ಹಾಕಿಸಬೇಕು. ಹಳೇ ಹಲ್ಲಿನ ಮೇಲೆ ಹೊಸ ಚೈನು ಹಾಕಿಸುವ ಉಳಿತಾಯ ಕೆಲವೇ ತಿಂಗಳು ಬಾಳುತ್ತದೆ.

ಬಿಗಿ ಮಾಡುವಾಗ ಚಕ್ರ ಹಿಂದಕ್ಕೆ ಸರಿಯುತ್ತದೆ. ಎರಡೂ ಬದಿಯ ಗೆರೆ ಗುರುತುಗಳು ಒಂದೇ ಕಡೆ ನಿಲ್ಲಬೇಕು, ಇಲ್ಲವಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಚಕ್ರ ಹಿಂದೆ ಹೋದಾಗ ಹಿಂದಿನ ಬ್ರೇಕ್ ರಾಡೂ ಎಳೆದುಕೊಳ್ಳುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಚೈನು ಸರಿಯಾಯಿತು, ಆದರೆ ಬ್ರೇಕು ಹಿಡಿದುಕೊಂಡೇ ಓಡಿ ಡ್ರಮ್ಮು ಕಾಯುತ್ತದೆ, ಮೈಲೇಜು ಯಾಕೆ ಬಿತ್ತೆಂದು ಗೊತ್ತಾಗುವುದಿಲ್ಲ. ಚೈನ್ ಮುಟ್ಟಿದ ಮೇಲೆ ಬ್ರೇಕ್ ನಟ್ಟನ್ನೂ ಸಡಿಲಿಸಿ ಹೊಂದಿಸಲೇಬೇಕು. ಚೈನ್ ಲಾಕಿನ ಕ್ಲಿಪ್ಪಿಗೂ ದಿಕ್ಕಿದೆ: ಮುಚ್ಚಿದ ತುದಿ ಚೈನು ಓಡುವ ಕಡೆಗೆ, ಬಾಯಿ ಹಿಂದಕ್ಕೆ.

ಇನ್ನು ಎಣ್ಣೆ. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲನ್ನೇ ಚೈನಿಗೆ ಬಿಡುವುದು ಹಳೇ ಚಾಳಿ. ಅದರಲ್ಲಿರುವ ಮಸಿ, ಲೋಹದ ಕಣ ಚೈನಿನ ಸಂದಿಗೆ ಹೋಗಿ ಕೂರುತ್ತವೆ. ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು, ಒರೆಸಿ, 90 ನಂಬರಿನ ಗೇರ್ ಆಯಿಲನ್ನು ಒಳಮಗ್ಗುಲಿಗೆ ಹನಿಹನಿಯಾಗಿ ಬಿಟ್ಟು ರಾತ್ರಿಯಿಡೀ ಬಿಟ್ಟರೆ ಸಾಕು.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಕಾಟ. ರಾಗಿ ತೆನೆ, ಹುರುಳಿ ಗಿಡವನ್ನು ರಸ್ತೆಗೇ ಹರಡಿ ವಾಹನಗಳ ಕೈಲಿ ಒಕ್ಕಣೆ ಮಾಡಿಸುವುದನ್ನು ಬಿಡಿ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದಾರೆ, ಜನ ಹರಡುತ್ತಲೇ ಇದ್ದಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುವುದು ಒಂದು ಅಪಾಯ. ಹುರುಳಿ ಬಳ್ಳಿ ಹಿಂದಿನ ಚಕ್ರದ ಗುಂಬಕ್ಕೂ ಸ್ಪ್ರಾಕೆಟ್ಟಿಗೂ ಹಗ್ಗದಂತೆ ಸುತ್ತಿಕೊಳ್ಳುವುದು ಇನ್ನೊಂದು. ಹಾದುಬಂದ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಬಿಡಿಸಿ ಹಾಕಿ. ಬಿಸಿ ಸೈಲೆನ್ಸರಿಗೆ ಅಂಟಿದ ಒಣಹುಲ್ಲನ್ನಂತೂ ಹಾಗೇ ಬಿಡಬೇಡಿ.

ಬ್ರೇಕು ಮತ್ತು ನಂದಿಯ ಇಳಿಜಾರು

ಡ್ರಮ್ ಬ್ರೇಕಿನ ಶೂ ಎಷ್ಟು ಉಳಿದಿದೆಯೆಂದು ಚಕ್ರ ಬಿಚ್ಚದೆಯೂ ತಿಳಿಯಬಹುದು. ಬ್ರೇಕ್ ಪ್ಲೇಟಿನ ಹೊರಗೆ ತಿರುಗುವ ಸಣ್ಣ ತೋಳಿನ ಬಳಿ ಬಾಣದ ಗುರುತಿದೆ. ಬ್ರೇಕನ್ನು ಪೂರ್ತಿ ಒತ್ತಿದಾಗ ಬಾಣ ಪ್ಲೇಟಿನ ಮೇಲಿನ ಗುರುತಿಗೆ ತಾಗಿದರೆ ಶೂ ಮುಗಿಯಿತು. ನಟ್ಟು ಬಿಗಿ ಮಾಡಿ ಮಾಡಿ ಇನ್ನೊಂದು ತಿಂಗಳು ಎಳೆಯುವವರ ಡ್ರಮ್ಮಿನಲ್ಲಿ ಶೂವಿನ ಲೋಹವೇ ಕೂತು ಗೀರು ಬಿಡುತ್ತದೆ, ಆಮೇಲೆ ಹೊಸ ಶೂ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಶೂ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಲ್ಲಿ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಲ್ಲಿ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ವ್ಯವಸ್ಥೆಯಾದರೂ ಇರಲೇಬೇಕು. ಇಂಥ ಗಾಡಿಯಲ್ಲಿ ಕಾಲಿನ ಪೆಡಲ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಎರಡರ ಹೊಂದಾಣಿಕೆಗೆ ಒಂದು ಕ್ರಮವಿರುವುದರಿಂದ ಅದನ್ನು ತಿಳಿದ ಮೆಕಾನಿಕ್ಕಿಗೇ ಬಿಡುವುದು ಒಳ್ಳೆಯದು.

ಬ್ರೇಕಿನ ನಿಜವಾದ ಪರೀಕ್ಷೆ ನಂದಿಬೆಟ್ಟ. ಬೆಟ್ಟದ ಎತ್ತರ 1,478 ಮೀಟರ್, ತಪ್ಪಲಿನ ಊರುಗಳಿಗಿಂತ ಐನೂರು ಮೀಟರಿಗೂ ಹೆಚ್ಚು ಮೇಲೆ. ಇಬ್ಬರು ಕೂತು, ನ್ಯೂಟ್ರಲ್ ಮಾಡಿ, ಪೆಟ್ರೋಲ್ ಉಳಿಸುತ್ತೇವೆಂದು ಬ್ರೇಕಿನ ಮೇಲೇ ಇಳಿದರೆ ತಿರುವು ತಿರುವಿಗೂ ಡ್ರಮ್ಮು ಕಾಯುತ್ತಾ ಹೋಗಿ, ಹಿಡಿತ ಸಡಿಲವಾಗುವುದು ಬೇಕಾದ ಹೊತ್ತಿನಲ್ಲೇ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಎರಡು ಅಥವಾ ಮೂರು. ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ, ಬ್ರೇಕು ತಿರುವಿಗೆ ಮಾತ್ರ.

ಟೈರು

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆಯಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗೀರು ಚೆನ್ನಾಗಿ ಕಂಡರೂ ಪಕ್ಕದ ರಬ್ಬರು ಬಿರುಕು ಬಿಟ್ಟಿದ್ದರೆ ಆ ಟೈರು ಬೇಡ. ದ್ವಿಚಕ್ರಕ್ಕೆ ಗೀರಿನ ಆಳ 0.8 ಮಿ.ಮೀ.ಗಿಂತ ಕಡಿಮೆಯಾಗುವಂತಿಲ್ಲ ಎಂಬುದು ನಿಯಮ. ಮಳೆಗಾಲಕ್ಕೆ ಅಷ್ಟರವರೆಗೂ ಕಾಯದಿರುವುದು ಲೇಸು.

ಗಾಳಿಯ ಒತ್ತಡ ಎಷ್ಟೆಂದು ಪುಸ್ತಕದಲ್ಲಿ, ಬಹಳ ಗಾಡಿಗಳಲ್ಲಿ ಸ್ಟಿಕ್ಕರಿನಲ್ಲೂ ಇರುತ್ತದೆ. ನೂರು ಸಿಸಿಯ ಗಾಡಿಗೆ ಮುಂದೆ 25, ಹಿಂದೆ ಒಬ್ಬರಿದ್ದರೆ 28ರ ಆಸುಪಾಸು. ಹಿಂದೆ ಇನ್ನೊಬ್ಬರು ಕೂತರೆ ಇನ್ನೂ ಸಾಕಷ್ಟು ಹೆಚ್ಚು. ಪಂಚರ್ ಅಂಗಡಿಯಲ್ಲಿ ಎಷ್ಟು ಹಾಕಲಿ ಎಂದು ಕೇಳಿದರೆ ನೀವು ಹಾಕಿ ಎನ್ನದೆ ಅಂಕಿ ಹೇಳಿ. ಟ್ಯೂಬಿನ ವಾಲ್ವು ನೆಟ್ಟಗಿರದೆ ಓರೆಯಾಗಿದ್ದರೆ ಗಾಳಿ ಕಡಿಮೆಯಿದ್ದಾಗ ಟ್ಯೂಬು ಜಾರಿದೆ ಎಂದರ್ಥ. ಬುಡದಲ್ಲಿ ಹರಿಯುವ ಮೊದಲು ಸರಿಮಾಡಿಸಿ.

ಪೆಟ್ರೋಲು: ಕಾರ್ಬೊರೇಟರೋ ಎಫ್‌ಐಯೋ

2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಅದಾದ ಮೇಲಿನ ಬೈಕುಗಳಲ್ಲಿ ಬಹುತೇಕ ಫ್ಯೂಯಲ್ ಇಂಜೆಕ್ಷನ್, ಅಂದರೆ ಎಫ್‌ಐ, ಹಳೆಯವುಗಳಲ್ಲಿ ಕಾರ್ಬೊರೇಟರ್. ಎರಡಕ್ಕೂ ನಡವಳಿಕೆ ಬೇರೆ. ಕಾರ್ಬೊರೇಟರ್ ಗಾಡಿ ಬ್ಯಾಟರಿ ಸತ್ತಿದ್ದರೂ ಸಾಮಾನ್ಯವಾಗಿ ಕಿಕ್ಕಿಗೆ ಬರುತ್ತದೆ, ರಿಸರ್ವಿಗೆ ತಿರುಗಿಸಿ ಬಂಕಿನವರೆಗೂ ಹೋಗಬಹುದು. ಎಫ್‌ಐ ಗಾಡಿಯ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಲ್ಲೇ ತಣ್ಣಗಿರುವುದರಿಂದ ಟ್ಯಾಂಕನ್ನು ಒಣಗಿಸಬಾರದು. ಎಂಜಿನ್ ಗುರುತಿನ ಹಳದಿ ದೀಪ ಉರಿಯುತ್ತಲೇ ಇದ್ದರೆ ಮರದ ಕೆಳಗಿನ ಗ್ಯಾರೇಜು ಬಿಟ್ಟು ಸ್ಕ್ಯಾನರ್ ಇರುವ ಕಡೆ ಹೋಗಬೇಕು.

ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು, ಹಾಗಾಗಿ ಮೈಲೇಜು ಒಂದಿಷ್ಟು ಇಳಿಯುತ್ತದೆ. ಅದಕ್ಕಿಂತ ಗಮನಿಸಬೇಕಾದ್ದು, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡಬಲ್ಲದು. ಹತ್ತು ವರ್ಷದ ಗಾಡಿ ಕೊಂಡವರು ಪೆಟ್ರೋಲ್ ಪೈಪನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಹೊಸದು ಹಾಕಿಸಬೇಕು. ವಾರಗಟ್ಟಲೆ ನಿಂತ ಗಾಡಿ ಕಿಕ್ಕಿಗೆ ಬಾರದಿದ್ದರೆ ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಿ ಅಲ್ಲಿ ನಿಂತ ಪೆಟ್ರೋಲನ್ನು ಒಂದು ಗಾಜಿನ ಲೋಟಕ್ಕೆ ಬಿಡಿ. ತಳದಲ್ಲಿ ಬೇರೆಯಾಗಿ ಹೊರಳಾಡುವ ಹನಿ ನೀರು, ಕೆಂಪು ಪುಡಿ ಟ್ಯಾಂಕಿನ ತುಕ್ಕು. ಬೀಡಿ, ಸಿಗರೇಟು ದೂರವಿರಲಿ.

ಪ್ಲಗ್ಗು ಬಿಚ್ಚಿದಾಗ ತುದಿಯ ಬಣ್ಣ ನೋಡುವುದನ್ನು ಮರೆಯಬೇಡಿ. ತಿಳಿ ಕಂದು ಇದ್ದರೆ ಎಲ್ಲ ಸರಿ. ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚಾಗಿದೆ, ಎಣ್ಣೆಯ ಜಿಡ್ಡಾದರೆ ಆಯಿಲ್ ಮೇಲೆ ಬರುತ್ತಿದೆ.

ಬ್ಯಾಟರಿ, ನೀರು ಸರ್ವಿಸು

ಬ್ಯಾಟರಿಯ ಟರ್ಮಿನಲ್ಲಿಗೆ ಬಿಳಿ ಪುಡಿ ಕಟ್ಟಿದ್ದರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಬಿಸಿನೀರು ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ವ್ಯಾಸಲೀನ್ ಸವರಿ. ಫ್ಯೂಸು ಸುಟ್ಟಿತೆಂದು ತಂತಿ ಸುತ್ತುವುದು ಬೆಂಕಿಗೆ ಕರೆ. ಜಾಸ್ತಿ ಲೈಟು ಹಾಕಿಸುವ ಆಸೆಯಿದ್ದರೆ ಈ ಗಾಡಿಗಳ ಚಾರ್ಜಿಂಗ್ ಬಲವೇ ಚಿಕ್ಕದು ಎಂಬುದು ನೆನಪಿರಲಿ.

ವಾಟರ್ ಸರ್ವಿಸಿನವರು ಜೋರು ನೀರನ್ನು ಚಕ್ರದ ಬೇರಿಂಗು, ಹ್ಯಾಂಡಲ್ ಕೊರಳು, ಫಿಲ್ಟರ್ ಡಬ್ಬಕ್ಕೆ ನೇರ ಬಿಡದಂತೆ ಹತ್ತಿರ ನಿಂತು ನೋಡಿಕೊಳ್ಳಿ. ಹೊರಟ ಮೇಲೆ ನಿಧಾನವಾಗಿ ಬ್ರೇಕ್ ಒತ್ತಿ ಒತ್ತಿ ಡ್ರಮ್ ಒಣಗಿಸಿ.

ಗ್ಯಾರೇಜಿಗೆ ಬಿಡಬೇಕಾದದ್ದು

ಡಬಲ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದು ಮುಂದಿನ ಚಕ್ರ ಎದ್ದಾಗ ಹ್ಯಾಂಡಲನ್ನು ಎರಡು ಬೆರಳಿನಲ್ಲಿ ಎಡದಿಂದ ಬಲಕ್ಕೆ ತಿರುಗಿಸಿ. ನಟ್ಟನಡುವೆ ಟಕ್ಕೆಂದು ಹಿಡಿದರೆ ಕೋನ್ ಸೆಟ್ ಹೋಗಿದೆ. ಮುಂದಿನ ಫೋರ್ಕ್ ಪೈಪಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್. ಇವೆರಡು, ಟ್ಯಾಪೆಟ್, ಕ್ಲಚ್ ಪ್ಲೇಟು, ಟೈಮಿಂಗ್ ಚೈನು ಮನೆಯಲ್ಲಿ ಬಿಚ್ಚುವ ಕೆಲಸವಲ್ಲ.

ದುಡ್ಡು ಕಡಿಮೆಯಿದ್ದರೆ ಬ್ರೇಕು, ಟೈರು, ಚೈನು, ಆಯಿಲ್ ಮೊದಲು. ಸೀಟ್ ಕವರು, ಸ್ಟಿಕ್ಕರು ಉಳಿದರೆ. ಜೋರು ಸದ್ದಿನ ಸೈಲೆನ್ಸರಿಗೆ ಬೀಳುವ ದಂಡದಲ್ಲಿ ಒಂದು ಚೈನ್ ಸೆಟ್ಟೇ ಬಂದೀತು. ಗ್ಯಾರೇಜಿನಿಂದ ಹೊರಡುವಾಗ ಬದಲಿಸಿದ ಹಳೇ ಸಾಮಾನನ್ನು ಕೇಳಿ ತೆಗೆದುಕೊಳ್ಳಿ: ಹಳೇ ಶೂ, ಹಳೇ ಪ್ಲಗ್ಗು, ಹಳೇ ಫಿಲ್ಟರ್. ಕೊಡಲು ಹಿಂದೆಮುಂದೆ ನೋಡುವ ಗ್ಯಾರೇಜಿಗೆ ಮುಂದಿನ ಸಲ ಹೋಗಬೇಕಾಗಿಲ್ಲ.